ಕಳೆ ಯಂತ್ರದ ಕ್ಲಚ್ ಸ್ಪ್ರಿಂಗ್: ಬಿಗಿ ಇದ್ದಷ್ಟೂ ಒಳ್ಳೇದಲ್ಲ

ಬೈಲಹೊಂಗಲ, ಸವದತ್ತಿ ಕಡೆಯ ಎರಿ ಹೊಲದಾಗ ಬ್ರಷ್ ಕಟರ್‌ಗೆ ಟಿಲ್ಲರ್ ಜೋಡಿಸಿ ಹತ್ತಿ ಸಾಲಿಗೆ ಇಳಿದವರಿಗೆ ಗೊತ್ತು: ಹಸಿ ಮಣ್ಣಿಗೆ ಹಲ್ಲು ತಾಗಿದ ಕೂಡಲೇ ಇಂಜಿನ್ ಬಂದ್. ಯೂಟ್ಯೂಬ್‌ನಾಗ ಎಟಿವಿ ಗಾಡಿಗೆ ಬಿಗಿ ಸ್ಪ್ರಿಂಗ್ ಹಾಕೋದು ನೋಡಿ ನಾನೂ ಹಾಕಿಸಿದೆ. ಅರ್ಧ ಎಕರೆ ಮುಗಿಯೋದ್ರೊಳಗೆ ಸುಟ್ಟ ವಾಸನೆ.

ಸ್ಪ್ರಿಂಗ್ ಪವರ್ ಕೊಡೋದಿಲ್ಲರಿ. ಈ ಕ್ಲಚ್‌ನಲ್ಲಿರೋ ಶೂಗಳು ಇಂಜಿನ್ ವೇಗ ಏರಿದಂಗ ಹೊರಗೆ ಸರಿದು ಡ್ರಮ್ ಹಿಡೀತಾವ. ಸ್ಪ್ರಿಂಗ್ ಅವನ್ನು ಒಳಗೆ ಎಳೀತದ. ಬಿಗಿ ಸ್ಪ್ರಿಂಗ್ ಹಾಕಿದ್ರೆ ಇಂಜಿನ್ ಕಸುವಿಗೆ ಬಂದ ಮೇಲೆ ಭಾರ ಬೀಳ್ತದ, ಅದಷ್ಟೇ ಲಾಭ. ಆದರೆ ಅದೇ ವೇಗದಲ್ಲಿ ಶೂ ಒತ್ತೋ ಬಲ ಕಡಿಮೆ ಆಗಿ, ಜಿಗಟು ಮಣ್ಣಿನಲ್ಲಿ ಕ್ಲಚ್ ಜಾರ್ತದ, ಕಾಯ್ತದ. ಟ್ರ್ಯಾಕ್ಟರ್‌ನಲ್ಲಿ ಉಲ್ಟಾ: ಅಲ್ಲಿ ಪ್ಲೇಟ್ ಒತ್ತಿ ಹಿಡಿಯೋದೇ ಸ್ಪ್ರಿಂಗ್. ಆ ಲೆಕ್ಕ ಇಲ್ಲಿಗೆ ತರಬ್ಯಾಡ್ರಿ.

ಹಂಗಂತ ಸಡಿಲ ಸ್ಪ್ರಿಂಗ್ ಬಿಡೋದೂ ಅಲ್ಲ. ಎಕ್ಸಲೇಟರ್ ಪೂರ್ತಿ ಬಿಟ್ಟಾಗಲೂ ಬ್ಲೇಡ್ ತಿರುಗ್ತಿದ್ರೆ ಅವತ್ತು ಕೆಲಸ ಬಂದ್, ಕಾಲಿಗೆ ಅಪಾಯ. ಮೊದಲು ಐಡಲ್ ಸ್ಕ್ರೂ ಇಳಿಸಿ ನೋಡ್ರಿ. ನಿಲ್ಲದಿದ್ರೆ ಇಂಜಿನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತು, ಕ್ಲಚ್ ಬಿಚ್ಚಿ. ಸ್ಪ್ರಿಂಗ್ ಜಗ್ಗಿರ್ತದ ಇಲ್ಲಾ ಮುರಿದಿರ್ತದ. ಬರೀ ಜಾರ್ತಿದ್ರೆ ಶೂ ಸವೆದದ್ದು, ಡ್ರಮ್ಮಿಗೆ ಎಣ್ಣೆ ತಾಗಿದ್ದು ನೋಡ್ರಿ.

ಹೊಸದು ತರುವಾಗ ಕಂಪನಿಯ ಅದೇ ಅಳತೆಯದ್ದು ತರ್ರಿ. ಹಳೇ ಸ್ಪ್ರಿಂಗ್ ಜೇಬಿನಲ್ಲಿರಲಿ, ಮಾಡೆಲ್ ನಂಬರಿನ ಫೋಟೋ ಫೋನಿನಲ್ಲಿರಲಿ. ನಾನಂತೂ ಈಗ ಎರಿ ಹೊಲ ಹದಕ್ಕೆ ಬರೋ ತನಕ ಯಂತ್ರ ಇಳಿಸೋದಿಲ್ಲ.