ಮೂಸಿ ನೋಡುವ ಮರಿಗೆ ವಿಷ ತಿಳಿಯುವುದೇ?

ಹೊಸದಾಗಿ ತಂದ ನಾಯಿಮರಿಗಾಗಿ ಮನೆಯಲ್ಲಿ ಏನೇನು ಎತ್ತಿಡಬೇಕು ಎಂಬ ಮಾತು ಬಂದಾಗಲೆಲ್ಲ, "ಅದು ಪ್ರಾಣಿ, ಮೂಸಿ ನೋಡಿ ಆಗದ್ದನ್ನು ಬಿಡುತ್ತದೆ" ಎಂದು ಸಮಾಧಾನ ಹೇಳುವವರು ಇದ್ದೇ ಇರುತ್ತಾರೆ. ಬಚ್ಚಿಟ್ಟ ಸ್ಫೋಟಕವನ್ನೇ ಪತ್ತೆಹಚ್ಚುವ ಮೂಗಿಗೆ ವಿಷ ತಿಳಿಯದೇ ಇದ್ದೀತೇ ಎಂಬುದು ಅವರ ವಾದ. ತಿಳಿಯುವುದಿಲ್ಲ. ವಾಸನೆಯನ್ನು ಗುರುತಿಸುವುದು ಬೇರೆ, ಆ ವಸ್ತು ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬ ಅರಿವು ಬೇರೆ. ಪೊಲೀಸ್ ನಾಯಿಗೂ ಸ್ಫೋಟಕ ಅಪಾಯಕಾರಿ ಎಂದು ಗೊತ್ತಿರುವುದಿಲ್ಲ; ಆ ವಾಸನೆ ತೋರಿಸಿಕೊಟ್ಟರೆ ಚೆಂಡೋ ತಿಂಡಿಯೋ ಸಿಗುತ್ತದೆ ಎಂಬುದಷ್ಟೇ ಅದು ಕಲಿತ ಪಾಠ.

ವಿಷದ ಬಗ್ಗೆ ನಿಜವಾದ ಎಚ್ಚರ ಹೇಗಿರುತ್ತದೆ ಎಂದು ನೋಡಬೇಕಾದರೆ ಇಲಿಯನ್ನು ನೋಡಬೇಕು. ಇಲಿಗೆ ವಾಂತಿ ಮಾಡಲು ಬಾರದು, ನುಂಗಿದ್ದು ನುಂಗಿದಂತೆಯೇ. ಹಾಗಾಗಿ ಹೊಸ ತಿನಿಸು ಕಂಡರೆ ಅದು ಚೂರೇ ಚೂರು ಕಚ್ಚಿ ಸುಮ್ಮನಾಗುತ್ತದೆ. ಹೊಟ್ಟೆ ಕೆಟ್ಟರೆ ಮತ್ತೆ ಅತ್ತ ಸುಳಿಯುವುದಿಲ್ಲ. ತಿಂದದ್ದಕ್ಕೂ ಗಂಟೆಗಳ ನಂತರ ಬಂದ ಸಂಕಟಕ್ಕೂ ಇಲಿಗಳು ನಂಟು ಕಲ್ಪಿಸಿಕೊಳ್ಳಬಲ್ಲವು ಎಂದು ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ ತೋರಿಸಿಕೊಟ್ಟರು. ಈ ಜಾಣತನವನ್ನು ಮಣಿಸಬಲ್ಲ ಬ್ರೊಮಾಡಿಯೋಲೋನ್‌ನಂಥ ನಿಧಾನ ವಿಷಗಳು ಬಂದವು. ರುಚಿಯಾದ ಧಾನ್ಯದಲ್ಲಿ ಬೆರೆತ ಆ ಪಾಷಾಣ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಆದರೆ ಅದರ ಪರಿಣಾಮ ಕಾಣಿಸಿಕೊಳ್ಳಲು ದಿನಗಳೇ ಬೇಕು. ಇನ್ನು ನಾಯಿಯದು ಇಲಿಗೆ ತದ್ವಿರುದ್ಧ ವಂಶ. ಗುಂಪಿನಲ್ಲಿ ಬೇಟೆಯ ಸುತ್ತ ಸೇರಿದಾಗ ಗಬಗಬನೆ ನುಂಗಿದವನಿಗೇ ಊಟ, ಆಗದಿದ್ದರೆ ಕಕ್ಕಿದರಾಯಿತು. ಇಲಿಯನ್ನೇ ಮೋಸಗೊಳಿಸಲು ತಯಾರಾದ ಬಿಲ್ಲೆಯನ್ನು, ಮೊದಲು ನುಂಗಿ ಆಮೇಲೆ ನೋಡುವ ಮರಿಯ ಮುಂದೆ ಇಟ್ಟರೆ ಏನಾದೀತು? ಮೂರ್ನಾಲ್ಕು ದಿನ ಆಡಿಕೊಂಡಿದ್ದ ಮರಿ ಇದ್ದಕ್ಕಿದ್ದಂತೆ ಸುಸ್ತಾಗಿ ಮಲಗಿದಾಗ ಮನೆಯವರಿಗೆ ಬಿಲ್ಲೆಯ ನೆನಪೇ ಇರುವುದಿಲ್ಲ. ದೃಷ್ಟಿ ತಾಗಿತು ಎನ್ನುತ್ತಾರೆ. ಕಾಲಿಗೆ ಕರಿದಾರ ಕಟ್ಟುತ್ತಾರೆ. ಮರಿ ಆ ದಾರವನ್ನೂ ಕಚ್ಚಿ ನುಂಗಿದರೆ ಅದು ಕರುಳನ್ನು ನೆರಿಗೆಗಟ್ಟಿಸಿ ಕೊಯ್ಯಬಲ್ಲದು. ಈ ಅಜ್ಞಾನಕ್ಕೆ ಬೆಲೆ ತೆರುವುದು ಮೂಕಪ್ರಾಣಿ ಎಂಬುದೇ ಸಂಕಟ.

ಮೂಗಿನ ಮಿತಿಗೆ ಇನ್ನೂ ಸೊಗಸಾದ ಸಾಕ್ಷಿ ಇತ್ತೀಚಿನದು, ಅದೂ ನಮ್ಮ ಅಡುಗೆಮನೆಗೆ ನೇರ ಸಂಬಂಧಪಟ್ಟದ್ದು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಏಕಾಏಕಿ ಕೈಕೊಡುವುದು ಪಶುವೈದ್ಯರಿಗೆ ಬಹುಕಾಲದಿಂದ ಗೊತ್ತಿತ್ತು. ಕಾರಣ ಮಾತ್ರ ಒಗಟಾಗಿತ್ತು. ಒಂದು ನಾಯಿ ಹಿಡಿಗಟ್ಟಲೆ ತಿಂದರೂ ಏನೂ ಆಗದು, ಇನ್ನೊಂದು ಸ್ವಲ್ಪಕ್ಕೇ ಸಾಯುವುದು. ಮಕ್ಕಳ ಆಟಕ್ಕೆಂದು ಮನೆಯಲ್ಲೇ ಕಲಸಿದ ಹಿಟ್ಟಿನ ಮುದ್ದೆ ತಿಂದ ನಾಯಿಯೊಂದಕ್ಕೆ ಇದೇ ಬಗೆಯ ಮೂತ್ರಪಿಂಡ ವೈಫಲ್ಯವಾದಾಗ ಅಮೆರಿಕದ ಪ್ರಾಣಿವಿಷ ತಜ್ಞರಿಗೆ ಎಳೆ ಸಿಕ್ಕಿತು. ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಹಾಕಲಾಗಿತ್ತು. ಅದು ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯ ಹುಳಿಯೂ ಬಹುಪಾಲು ಅದೇ ಆಮ್ಲದ್ದು. 2021ರಲ್ಲಿ ಈ ನಂಟು ಪ್ರಕಟವಾಯಿತು. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಇದೇ ಹಾನಿ ವರದಿಯಾಯಿತು. ಮುಂದೆ ಪ್ರಯೋಗಾಲಯದಲ್ಲಿ ನಾಯಿಯ ಮೂತ್ರಪಿಂಡದ ಕೋಶಗಳ ಮೇಲೆ ಈ ಆಮ್ಲ ಹಾಕಿದಾಗ ಅವು ಸತ್ತವು, ಮನುಷ್ಯನವು ಉಳಿದವು. ಆಮ್ಲವನ್ನು ಕೋಶದಿಂದ ಹೊರಸಾಗಿಸುವ ಮನುಷ್ಯರ ಒಂದು ಸಾಗಣೆ ಪ್ರೋಟೀನನ್ನು ನಾಯಿಯ ಕೋಶಗಳಿಗೆ ಕೂಡಿಸಿದಾಗ ಅವೂ ಬದುಕಿದವು! ಬಾಗಿಲಿಲ್ಲದ ಕೋಣೆಗೆ ಬಾಗಿಲು ಇಟ್ಟಂತಾಯಿತು. ನಮಗೆ ಬಾಯಲ್ಲಿ ನೀರೂರಿಸುವ ಹುಳಿ ಮರಿಯ ಮೂತ್ರಪಿಂಡಕ್ಕೆ ವಿಷವಾಗುವುದು ಇಷ್ಟು ಸೂಕ್ಷ್ಮ ವ್ಯತ್ಯಾಸದಿಂದ. ಇದನ್ನು ಮೂಗು ಮೂಸಿ ತಿಳಿಯುವುದಾದರೂ ಹೇಗೆ?

"ನಮ್ಮೂರಿನ ನಾಯಿಗಳು ತಲೆಮಾರುಗಳಿಂದ ಸಾರನ್ನ ತಿಂದೇ ಬೆಳೆದಿಲ್ಲವೇ?" ಎಂಬ ಆಕ್ಷೇಪ ಬಂದೇ ಬರುತ್ತದೆ. ಅದು ಸುಳ್ಳಲ್ಲ. ತಪ್ಪಲೆ ಸಾರಿಗೆ ಬೀಳುವುದು ನಿಂಬೆಗಾತ್ರದ ಹುಳಿ, ನಾಯಿಯ ಪಾಲಿಗೆ ಬರುವುದು ಒಂದು ಸೌಟು. ಎರಡು ಕೆ.ಜಿ. ತೂಕದ ಮರಿ ಮೊರದಲ್ಲಿ ಒಣಗಲು ಹಾಕಿದ ಹುಣಸೆಯ ಉಂಡೆಯನ್ನೇ ಎತ್ತಿಕೊಂಡು ಹೋಗುವುದು ಬೇರೆ ಲೆಕ್ಕ. ಬದುಕಿ ಬಾಲ ಅಲ್ಲಾಡಿಸುವ ನಾಯಿಗಳಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ ಎಂಬುದನ್ನೂ ಮರೆಯಬಾರದು. ಇನ್ನೊಂದು ಆಕ್ಷೇಪ ಹುಲ್ಲಿನದು: ಹೊಟ್ಟೆ ಕೆಟ್ಟಾಗ ನಾಯಿ ತಾನಾಗಿ ಗರಿಕೆ ತಿಂದು ವಾಂತಿ ಮಾಡಿಕೊಳ್ಳುವುದಿಲ್ಲವೇ, ಅದಕ್ಕೆ ವೈದ್ಯ ಗೊತ್ತಿಲ್ಲವೇ ಎಂದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 1,500ಕ್ಕೂ ಹೆಚ್ಚು ಸಾಕಣೆದಾರರ ಉತ್ತರಗಳಿದ್ದವು. ಹುಲ್ಲು ಮೇಯುವ ಮುಂಚೆ ನಾಯಿ ಅಸ್ವಸ್ಥವಾಗಿ ಕಂಡಿತ್ತು ಎಂದವರು ಶೇ. 8ರಷ್ಟು ಮಾತ್ರ, ತಿಂದ ಮೇಲೆ ಸಾಮಾನ್ಯವಾಗಿ ವಾಂತಿ ಮಾಡುತ್ತದೆ ಎಂದವರು ಶೇ. 22. ಹುಲ್ಲು ಮೇಯುವುದು ನಾಯಿಯ ರೂಢಿ, ಚಿಕಿತ್ಸೆಯಲ್ಲ.

ಹಾಗಾದರೆ ಎಚ್ಚರ ಮರಿಯದ್ದಾಗಲಾರದು, ಮನೆಯದ್ದಾಗಬೇಕು. ಸುಮಾರು ಏಳನೇ ತಿಂಗಳೊಳಗೆ 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರುವ ಕಾಲದಲ್ಲಿ ವಸಡು ನವೆಯಾಡುತ್ತಲೇ ಇರುತ್ತದೆ. ವೈರು, ಚಪ್ಪಲಿ, ಮಾತ್ರೆಯ ಪಟ್ಟಿ ಎಲ್ಲವೂ ಬಾಯಿಗೆ. ಇವನ್ನು ಎತ್ತಿಡಲು ಯಾರೂ ಹೇಳಿಕೊಡಬೇಕಿಲ್ಲ. ಮೋಸ ಹೋಗುವುದು ಹಿತ್ತಲಿನಲ್ಲಿ. ಗುಲಾಬಿಯ ಬುಡಕ್ಕೆ ಹಾಕುವ ಹರಳು ಹಿಂಡಿಯ ವಾಸನೆ ಮರಿಗೆ ಪ್ರಾಣ. ಸರಿಯಾಗಿ ಬಿಸಿಮಾಡಿ ಸಂಸ್ಕರಿಸದ ಹಿಂಡಿಯಲ್ಲಿ ರೈಸಿನ್ ಎಂಬ ಘೋರ ವಿಷ ಉಳಿದಿರುತ್ತದೆ. ಬಸವನಹುಳುವಿಗೆ ಚೆಲ್ಲುವ ಮೆಟಾಲ್ಡಿಹೈಡ್ ಗುಳಿಗೆಯೂ ತಿನಿಸಿನಂತೆಯೇ ಇರುತ್ತದೆ, ತಿಂದ ಮರಿ ನಡುಗಿ ಸೆಟೆದುಕೊಳ್ಳುತ್ತದೆ. ಗೇಟಿನ ಪಕ್ಕ ಅಂದಕ್ಕೆ ನೆಟ್ಟ ಸೈಕಸ್ ಗಿಡದ ಬೀಜ ಯಕೃತ್ತನ್ನೇ ಕೆಡಿಸುತ್ತದೆ. ಕಣಗಿಲೆಯ ಎಲೆ ಹೃದಯದ ಲಯ ತಪ್ಪಿಸುತ್ತದೆ. ಮರಿ ದೊಡ್ಡದಾಗುವ ತನಕ ಈ ಗಿಡಗಳಿಗೆ ಬೇಲಿ ಕಟ್ಟಿ, ಇಲ್ಲವೇ ಕಿತ್ತುಹಾಕಿ.

ಇಷ್ಟಾಗಿಯೂ ಏನಾದರೂ ನುಂಗಿದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ವಿಷವಾಗಿ ಮರಿ ಸಾಯಬಹುದು. ಲಕ್ಷಣಕ್ಕೆ ಕಾಯದೆ ಪಶುವೈದ್ಯರ ಬಳಿಗೆ ಓಡಿ, ಹರಿದ ಪೊಟ್ಟಣ ಕೈಯಲ್ಲಿರಲಿ. ಅದರ ಮೇಲೆ ಬ್ರೊಮಾಡಿಯೋಲೋನ್ ಎಂದಿದ್ದರೆ ವಿಟಮಿನ್ ಕೆ1 ಎಂಬ ಒಳ್ಳೆಯ ಮದ್ದಿದೆ, ವಾರಗಟ್ಟಲೆ ಕೊಡಬೇಕು. ಇನ್ನೊಂದು ಇಲಿಪಾಷಾಣವಾದ ಝಿಂಕ್ ಫಾಸ್ಫೈಡ್ ಎಂದಿದ್ದರೆ ಆ ಮದ್ದಿನಿಂದ ಪ್ರಯೋಜನವಿಲ್ಲ. ಹೊಟ್ಟೆಯ ಆಮ್ಲ ತಾಗಿದೊಡನೆ ಆ ಪಾಷಾಣ ಫಾಸ್ಫೀನ್ ಅನಿಲವನ್ನು ಬಿಡತೊಡಗುತ್ತದೆ, ಆ ಮರಿ ಕಕ್ಕಿದ್ದರ ಗಾಳಿ ನಿಮ್ಮ ಉಸಿರಿಗೂ ಅಪಾಯ. ಕಾರಿನ ಕಿಟಕಿ ತೆರೆದಿಟ್ಟುಕೊಂಡೇ ಹೋಗಿ.