ಲೋ-ಸೋಡಿಯಂ ಉಪ್ಪು ಎಲ್ಲರಿಗೂ ಆಗಿಬರಲ್ಲ: ಕಿಡ್ನಿಯ ‘ಪೊಟ್ಯಾಸಿಯಂ ಬಾಗಿಲು’ ಕೆಲಸ ಮಾಡೋದು ಹೀಗೆ

ಬಿಪಿ ಇರೋರಿಗೆ ಒಳ್ಳೇದು ಅಂತ ಈಗ ಕಿರಾಣಿ ಅಂಗಡಿಗಳಲ್ಲೂ ಲೋ-ಸೋಡಿಯಂ ಉಪ್ಪಿನ ಪ್ಯಾಕೆಟ್ ಸಿಗುತ್ತೆ. ರೇಟು ಜಾಸ್ತಿಯಾದರೂ ಕೇಳಿ ಒಯ್ಯುವವರಿದ್ದಾರೆ. ಆದರೆ ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದರೆ ಇದೇ ಉಪ್ಪು ಅವರ ಜೀವಕ್ಕೆ ಕುತ್ತು ತರಬಹುದು. ಯಾಕೆ? ಇಲ್ಲಿದೆ ಮಾಹಿತಿ.

ಪ್ಯಾಕೆಟ್‌ನಲ್ಲಿ ಏನಿರುತ್ತೆ?

ಮಾಮೂಲಿ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಲೋ-ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಅದರ ಒಂದು ಪಾಲು ಕಡಿಮೆ ಮಾಡಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಇದರಿಂದ ಲಾಭ ಇರೋದೂ ನಿಜ. ಚೀನಾದ 600 ಹಳ್ಳಿಗಳಲ್ಲಿ, ಬಿಪಿ ಇದ್ದ ವಯಸ್ಸಾದವರೂ ಮೊದಲೇ ಪಾರ್ಶ್ವವಾಯು ಆಗಿದ್ದವರೂ ಸೇರಿ ಸುಮಾರು 21 ಸಾವಿರ ಜನರ ಮೇಲೆ ಅಧ್ಯಯನ ನಡೆದಿತ್ತು. 2021ರಲ್ಲಿ ಪ್ರಕಟವಾದ ಅದರ ಪ್ರಕಾರ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಅಂಥವರ ಮನೆಮಂದಿಯನ್ನೂ ಹೊರಗಿಟ್ಟಿದ್ದರು. ಯಾಕಂದರೆ ಮನೆಗೆಲ್ಲ ಸಾರು ಒಂದೇ ಪಾತ್ರೆಯದ್ದು.

ಕಿಡ್ನಿಯೊಳಗಿನ ಬಾಗಿಲು

ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಅಂದರೆ ಒಂದು ಸಣ್ಣ ಜರಡಿ, ಅದಕ್ಕೊಂದು ಉದ್ದನೆಯ ಕೊಳವೆ. ಸೋಸಿದ್ದರಲ್ಲಿ ಬಹುಪಾಲು ನೀರು, ಸೋಡಿಯಂ, ಪೊಟ್ಯಾಸಿಯಂ ಕೊಳವೆಯಿಂದಲೇ ರಕ್ತಕ್ಕೆ ವಾಪಸ್ ಹೋಗುತ್ತೆ.

ಮೂತ್ರದಲ್ಲಿ ಎಷ್ಟು ಪೊಟ್ಯಾಸಿಯಂ ಹೊರಹಾಕಬೇಕು ಅನ್ನೋ ತೀರ್ಮಾನ ಮುಖ್ಯವಾಗಿ ಕೊಳವೆಯ ಕೊನೆ ಭಾಗದಲ್ಲಿ ಆಗುತ್ತೆ. ಅಲ್ಲಿನ ಜೀವಕೋಶಗಳಲ್ಲಿ ರಕ್ತದ ಕಡೆ ಒಂದು ಪಂಪ್ ಇದೆ, ಅದು ಪೊಟ್ಯಾಸಿಯಂ ಅನ್ನು ಕೋಶದ ಒಳಕ್ಕೆ ಎಳೆದುಕೊಳ್ಳುತ್ತೆ. ಮೂತ್ರದ ಕಡೆ ಇರೋದು ಬಾಗಿಲು, ಅಂದರೆ ಪೊಟ್ಯಾಸಿಯಂ ಚಾನೆಲ್. ಇದರಲ್ಲಿ ಮುಖ್ಯವಾದದ್ದು ಆರ್‌ಒಎಂಕೆ. ವಿಜ್ಞಾನಿಗಳು ಇದರ ಜೀನ್ ಗುರುತಿಸಿದ್ದು 1993ರಲ್ಲಿ.

ಊಟದಲ್ಲಿ ಪೊಟ್ಯಾಸಿಯಂ ಜಾಸ್ತಿಯಾದರೆ ಅಲ್ಡೋಸ್ಟೀರೋನ್ ಎಂಬ ಹಾರ್ಮೋನ್ ಹೆಚ್ಚುತ್ತೆ, ಕೊಳವೆಯಿಂದ ಹೆಚ್ಚು ಪೊಟ್ಯಾಸಿಯಂ ಹೊರಬೀಳುತ್ತೆ. ಕಡಿಮೆಯಾದರೆ ಕೋಶಗಳು ಈ ಬಾಗಿಲುಗಳನ್ನೇ ಒಳಕ್ಕೆ ಎಳೆದುಕೊಳ್ಳುತ್ತವೆ. ರಕ್ತದ ಪೊಟ್ಯಾಸಿಯಂ ಮಟ್ಟ 3.5ರಿಂದ 5ರ ಆಸುಪಾಸಿನಲ್ಲೇ ಇರೋದು ಹೀಗೆ.

ಬಾಗಿಲು ಕಡಿಮೆಯಾದರೆ?

ಕಿಡ್ನಿ ಕಾಯಿಲೆಯಲ್ಲಿ ನೆಫ್ರಾನ್‌ಗಳು ಒಂದೊಂದಾಗಿ ನಾಶವಾಗುತ್ತವೆ. ಅವುಗಳ ಜೊತೆ ಬಾಗಿಲುಗಳೂ ಹೋದವು. ಉಳಿದವು ಸ್ವಲ್ಪ ದಿನ ಹೆಚ್ಚಿನ ಕೆಲಸ ಮಾಡಿ ಸರಿದೂಗಿಸುತ್ತವೆ. ಆಮೇಲೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತೆ. ಇದು ವಿಪರೀತ ಏರಿದರೆ ಹೃದಯದ ಬಡಿತ ತಪ್ಪುತ್ತೆ, ಹೃದಯ ನಿಂತೇ ಹೋಗಬಹುದು. ಎಷ್ಟೋ ಸಲ ಮೊದಲೇ ಯಾವ ಲಕ್ಷಣವೂ ಕಾಣಲ್ಲ.

ಲೆಕ್ಕ ನೋಡಿ: ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ದಿನಕ್ಕೆ 5 ಗ್ರಾಂ ತಿಂದರೆ ಸುಮಾರು 650 ಮಿಲಿಗ್ರಾಂ ಪೊಟ್ಯಾಸಿಯಂ ಹೆಚ್ಚುವರಿಯಾಗಿ ದೇಹ ಸೇರುತ್ತೆ. ಕಾಯಿಲೆಯವರನ್ನು ನೋಡೋಕೆ ಹೋಗುವಾಗ ಒಯ್ಯುವ ಎಳನೀರು, ಬಾಳೆಹಣ್ಣಿನಲ್ಲೂ ಪೊಟ್ಯಾಸಿಯಂ ಧಾರಾಳವಾಗಿದೆ.

ಮಾತ್ರೆ ನುಂಗುವವರೂ ಗಮನಿಸಿ

ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಾಪ್ರಿಲ್ ಮಾತ್ರೆಗಳು ಅಲ್ಡೋಸ್ಟೀರೋನ್ ಕಡಿಮೆ ಮಾಡುತ್ತವೆ. ಸ್ಪೈರೊನೊಲ್ಯಾಕ್ಟೋನ್ ಅದರ ಕೆಲಸವನ್ನೇ ತಡೆಯುತ್ತೆ. ಹಾಗಾಗಿ ಪೊಟ್ಯಾಸಿಯಂ ಹೊರಹೋಗೋದು ಕಮ್ಮಿಯಾಗುತ್ತೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಉಪ್ಪು ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಬಗೆಯ ಉಪ್ಪಿನ ಬಳಕೆಗೆ ಸಲಹೆ ಕೊಟ್ಟಿದೆ. ಆದರೆ ಕಿಡ್ನಿ ಸಮಸ್ಯೆ ಇರುವವರು, ಗರ್ಭಿಣಿಯರು ಮತ್ತು ಮಕ್ಕಳಿಗೆ ಈ ಸಲಹೆ ಅನ್ವಯಿಸಲ್ಲ.

ಗ್ರಾಹಕರು ಪ್ಯಾಕೆಟ್ ಹಿಂದೆ ‘ಪೊಟ್ಯಾಸಿಯಂ ಕ್ಲೋರೈಡ್’ ಅಂತ ಇದೆಯಾ ನೋಡಿ. ಅಂಗಡಿಯವರು ಈ ಪ್ಯಾಕೆಟ್ ಕೊಡುವಾಗ ‘ಮನೇಲಿ ಯಾರಿಗಾದ್ರೂ ಕಿಡ್ನಿ ತೊಂದರೆ ಇದೆಯಾ?’ ಅಂತ ಒಂದು ಮಾತು ಕೇಳಿದರೆ ಉಪಕಾರ. ಬಿಪಿ, ಶುಗರ್ ಹಳೆಯದಾಗಿದ್ದರೆ ಡಾಕ್ಟರ ಸಲಹೆ ಪಡೆದು ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.