ಮತ್ತೆ ಶ್ರುತಿ ಸೇರಿಸುವುದು ಅಂದರೆ

ಇಂಗ್ಲಿಷಿನ 'ರಿಟ್ಯೂನ್' ಪದಕ್ಕೆ ಕನ್ನಡದಲ್ಲಿ ಏನನ್ನಬೇಕು? 'ಮರುಹೊಂದಿಸು' ಅಂದುಬಿಡುವುದು ಸುಲಭ. ಆದರೆ ನಿಮ್ಮ ಮೊಬೈಲನ್ನು ಕನ್ನಡಕ್ಕೆ ಬದಲಾಯಿಸಿ ನೋಡಿ, 'ರೀಸೆಟ್' ಇರುವ ಕಡೆಯೂ ಅದೇ ಪದ. ಎರಡೂ ಒಂದೇನಾ? ಫೋನನ್ನು ಪೂರ್ತಿ ರೀಸೆಟ್ ಮಾಡಿದರೆ ಅದು ಅಂಗಡಿಯಿಂದ ತಂದ ದಿನಕ್ಕೆ ಹೋಗುತ್ತೆ, ನಡುವೆ ಕೂಡಿಟ್ಟದ್ದೆಲ್ಲ ಅಳಿಸಿಹೋಗುತ್ತೆ. ವಾದ್ಯಕ್ಕೆ ಹಾಗೆ ಮಾಡೋದಿಲ್ಲ.

ಪುಣೆಯಿಂದ ಬೆಳಗಾವಿ ಕಡೆ ರೈಲಿನಲ್ಲಿ ಹೋಗುವವರಿಗೆ ಮಿರಜ್ ಗೊತ್ತಿರುತ್ತೆ. ಅಬ್ದುಲ್ ಕರೀಂ ಖಾನರ ಸಮಾಧಿ ಇರುವ ಊರು. ಅಲ್ಲಿ ತಲೆಮಾರುಗಳಿಂದ ತಂಬೂರಿ, ಸಿತಾರ್ ಮಾಡುವವರು ಮುಸ್ಲಿಂ ಕುಟುಂಬಗಳು. ಮನೆತನದ ಹೆಸರೇ ಸಿತಾರ್‌ಮೇಕರ್. 2024ರಲ್ಲಿ ಮಿರಜ್ ತಂಬೂರಿಗೆ ಜಿಐ ಗುರುತೂ ಸಿಕ್ಕಿತು. ಆ ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಪಂಚಮ, ಉಳಿದವು ಷಡ್ಜ. ಗಾಯಕರು ಮಾಲಕಂಸ ಹಾಡುವುದಾದರೆ ಆ ರಾಗದಲ್ಲಿ ಪಂಚಮವೇ ಇಲ್ಲ. ಬಿರಡೆ ತಿರುಗಿಸಿ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಮಾರವಾ ಹಾಡುವಾಗ ನಿಷಾದಕ್ಕೆ. ಆಮೇಲೆ ಕುದುರೆಯ ಕೆಳಗಿನ ಮಣಿ ಸರಿಸಿ ಕೂದಲೆಳೆಯಷ್ಟು ತಿದ್ದುತ್ತಾರೆ, ತಂತಿಯಡಿಯ ದಾರ ಜರುಗಿಸಿ ಝೇಂಕಾರ ತರುತ್ತಾರೆ. (ಈ ಝೇಂಕಾರಕ್ಕೆ 'ಜವಾರಿ' ಅಂತಾರೆ. ನಮ್ಮ ಜವಾರಿ ಕೋಳಿಗೂ ಅದಕ್ಕೂ ಸಂಬಂಧವಿಲ್ಲ, ಪ್ಲೀಸ್!) ಗಮನಿಸಿ, ತಂತಿ ಕೆಟ್ಟಿರಲಿಲ್ಲ. ರಾಗ ಬದಲಾಯಿತು, ಅಷ್ಟೇ.

ಹಾಗಂತ ನಿಜಕ್ಕೂ ಶ್ರುತಿ ತಪ್ಪುವುದೂ ಉಂಟು. ಮುಂಬೈ ಮಳೆಗಾಲದಲ್ಲಿ ತಬಲಾದ ಚರ್ಮ ತೇವ ಹೀರಿ ಇಳಿದುಬಿಡುತ್ತೆ, ಸುತ್ತಿಗೆ ಕೈಯಲ್ಲೇ ಇರಬೇಕು.

ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು: ಶ್ರುತಿ ಸೇರಿಸುವುದು, ಶ್ರುತಿ ಕೂಡಿಸುವುದು. ಉರ್ದುವಿನಲ್ಲಿ 'ಸುರ್ ಮಿಲಾನಾ', ನಮ್ಮ ದಖನಿಯಲ್ಲೂ 'ಮಿಲಾನಾ'. 'ಸರಿಪಡಿಸು' ಅಂತ ಯಾರೂ ಅನ್ನಲಿಲ್ಲ ನೋಡಿ. ಸೇರಿಸು ಅಂದ ಕೂಡಲೇ 'ಯಾವುದಕ್ಕೆ?' ಅನ್ನುವ ಪ್ರಶ್ನೆ ಬರುತ್ತೆ. ಆ 'ಕ್ಕೆ' ಇಲ್ಲದೆ ಅರ್ಥ ಪೂರ್ತಿಯಾಗೋದಿಲ್ಲ. ಒಬ್ಬರಿಗೆ ಕಪ್ಪು ಒಂದು, ಇನ್ನೊಬ್ಬರಿಗೆ ಕಪ್ಪು ಐದು. ಆದ್ದರಿಂದ 'ಮರುಶ್ರುತಿಗೊಳಿಸಲಾಯಿತು' ಅಂತ ಬರೆಯಬೇಡಿ. 'ಗಾಯಕಿಯ ದನಿಗೆ ಮತ್ತೆ ಶ್ರುತಿ ಸೇರಿಸಿದರು' ಅಂತ ಬರೆಯಿರಿ, ಯಾರು ಯಾರಿಗೆ ಅನ್ನೋದು ಕಾಣುತ್ತೆ.

ಇದನ್ನು ಇಷ್ಟು ಎಳೆಯುವುದಕ್ಕೆ ಕಾರಣ ಇದೆ. ಊರಿಗೆ ಹೋದಾಗಲೆಲ್ಲ ನಮ್ಮ ಮಕ್ಕಳ ಕನ್ನಡ ಕೇಳಿ 'ಶ್ರುತಿ ತಪ್ಪೇದ' ಅಂತಾರೆ. ನನಗೂ ಚುರ್ ಅನ್ನುತ್ತಿತ್ತು. ಪುಣೆಯಲ್ಲೇ ಹುಟ್ಟಿದ ಮಗಳು ವಿಜಯಪುರದ ನಾನಿಗೆ ಫೋನ್ ಮಾಡಿದಾಗ ಮೊದಲು 'ಜೇವಣ ಝಾಲಾ ಕಾ' ಅಂತ ಮರಾಠಿಯೇ ಬರುತ್ತೆ. ಆ ಕಡೆಯಿಂದ 'ಏನಂದಿ ಬೇಟಾ?' ಅಂತ ಕೇಳುತ್ತಾರೆ. ಒಂದು ಗಳಿಗೆ ತಡೆದು ಇವಳು 'ಊಟಾ ಆತೇನ್ ನಾನಿ' ಅಂತಾಳೆ.